ಡಾಕ್ಟರು ಫೋನ್ ಪಕ್ಕದಲ್ಲೇ ಕೂತ ಮೇಲೆ

ನಮ್ಮ ಆಂಬುಲೆನ್ಸಿನ ಕಾಲ್ ಡೆಸ್ಕಿನಲ್ಲಿ ಡಾಕ್ಟರನ್ನು ಕೂರಿಸುವುದು ದುಡ್ಡು ದಂಡ ಅಂದವರೇ ಜಾಸ್ತಿ. 8 ತಿಂಗಳಾಯಿತು. ಮೊದಲು ಗಾಡಿ ಹೋದ 10 ಮನೆಗಳಲ್ಲಿ 9 ಕಡೆಯಿಂದ ರೋಗಿಯನ್ನು ಕರೆತರುತ್ತಿದ್ದೆವು. ಈಗ 10ರಲ್ಲಿ ಹೆಚ್ಚುಕಡಿಮೆ 3 ಕಾಲ್ ಮನೆಯಲ್ಲೇ ಮುಗಿಯುತ್ತವೆ.

ಅದಕ್ಕೂ ಮುಂಚೆ ಎರಡು ಸಲ ಸೋತೆ. ಮೊದಲು ಸಂಬಳ ಉಳಿಸೋಣ ಅಂತ ವಾರ್ಡ್ ಡ್ಯೂಟಿಯ ಡಾಕ್ಟರ ನಂಬರನ್ನೇ ಗಾಡಿಯ ಹುಡುಗರಿಗೆ ಕೊಟ್ಟೆ. ರೋಗಿ ನೋಡುತ್ತಿರುವವರು ಫೋನ್ ಎತ್ತೋದು ಹೇಗೆ? ಗಾಡಿ 20 ನಿಮಿಷ ಬಾಗಿಲಲ್ಲೇ ನಿಂತಿತು. ಎರಡು ವಾರಕ್ಕೆ ಹುಡುಗರು ಫೋನ್ ಮಾಡುವುದನ್ನೇ ಬಿಟ್ಟರು. ಆಮೇಲೆ ಡಾಕ್ಟರ ಬದಲು ಪ್ರಶ್ನೆಗಳ ಪಟ್ಟಿ ಮಾಡಿದೆ. ಸುಸ್ತು ಅಂದರೂ, ಸೊಂಟನೋವು ಅಂದರೂ ಕೊನೆಗೆ ಬರುತ್ತಿದ್ದ ಉತ್ತರ ಒಂದೇ: ಕರೆತನ್ನಿ.

ಈಗ ಸಂಜೆ 4ರಿಂದ 10ರವರೆಗೆ ಹಿರಿಯ ಡಾಕ್ಟರೊಬ್ಬರಿಗೆ ಇದೊಂದೇ ಕೆಲಸ. ಸ್ಟ್ರೆಚರ್ ಇಳಿಸುವ ಮೊದಲು ಅವರಿಗೆ ಫೋನ್. ಎದೆನೋವು, ಬಾಯಿ ಸೊಟ್ಟ, ಏದುಸಿರು ಇದ್ದರೆ ಫೋನೂ ಬೇಡ, ಹೊರಡಬೇಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರ ತಲೆಗೆ ಪೆಟ್ಟಾದರೂ ಅಷ್ಟೇ. ಉಳಿತಾಯ ಇರುವುದು ಕಟ್ಟಿಕೊಂಡ ಕ್ಯಾತಿಟರ್ (ಮೂತ್ರದ ನಳಿಕೆ), ಪೆಟ್ಟಾಗದಿದ್ದರೂ ನೆಲದಿಂದ ಏಳಲಾಗದ ಅಜ್ಜಿ, ಇಂಥ ಕಾಲ್‌ಗಳಲ್ಲಿ. ಕ್ಯಾತಿಟರ್‌ಗೆ ನರ್ಸ್ ಬೈಕಿನಲ್ಲಿ ಹೋಗುತ್ತಾರೆ. ಡಾಕ್ಟರ ಒಂದು ಪಾಳಿಯ ಸಂಬಳ ಸುಮಾರು 5 ಟ್ರಿಪ್ಪಿನ ಖರ್ಚಿಗೆ ಸಮ. ಉಳಿಯುತ್ತಿರುವುದು ದಿನಕ್ಕೆ 8 ಟ್ರಿಪ್.

ಒಂದು ತಪ್ಪು ಇನ್ನೂ ಕಾಡುತ್ತದೆ. ಒಬ್ಬ ಅಜ್ಜನ ಶುಗರ್ 48. ಸಕ್ಕರೆ ನೀರು ಕುಡಿಸಿ 15 ನಿಮಿಷಕ್ಕೆ ನೋಡಿದರೆ 110. ಎದ್ದು ಕೂತು ಮಾತಾಡಿದರು, ಮನೆಯಲ್ಲೇ ಬಿಟ್ಟು ಬಂದೆವು. 4 ಗಂಟೆಯೊಳಗೆ ಶುಗರ್ ಮತ್ತೆ ಇಳಿದು ಬೆವೆತು ಬಿದ್ದಿದ್ದರು. ತಗೊಳ್ಳುತ್ತಿದ್ದದ್ದು ಗ್ಲಿಮೆಪಿರೈಡ್, ಶುಗರನ್ನು ತುಂಬಾ ಹೊತ್ತು ಇಳಿಸುತ್ತಲೇ ಇರುವ ಮಾತ್ರೆ. ಯಾವ ಮಾತ್ರೆ ಅಂತ ನಾವು ಕೇಳಿರಲೇ ಇಲ್ಲ. ಪುಣ್ಯಕ್ಕೆ ಉಳಿದರು. ಅವತ್ತಿನಿಂದ ಮಾತ್ರೆಯ ಡಬ್ಬಿ ಕೈಯಲ್ಲಿ ಹಿಡಿದೇ ಫೋನ್ ಮಾಡಬೇಕು. ಆ ಗುಂಪಿನ ಮಾತ್ರೆಯಾದರೆ ಶುಗರ್ ಏರಿದ್ದರೂ ಆಸ್ಪತ್ರೆಗೆ. ಮನೆಯಲ್ಲಿ ಬಿಟ್ಟ ಪ್ರತಿಯೊಬ್ಬರಿಗೂ 2 ಗಂಟೆಯೊಳಗೆ ನಾವೇ ತಿರುಗಿ ಫೋನ್ ಮಾಡುತ್ತೇವೆ.

ನಡುವೆ ವಿಡಿಯೋ ಕಾಲ್ ಕೂಡ ನೋಡಿದೆ. ಮನೆಯ ಮಬ್ಬು ಬೆಳಕಲ್ಲಿ ಮುಖದ ಬಣ್ಣ ನಂಬೋ ಹಾಗಿಲ್ಲ. ಆದರೆ ಕ್ಯಾಮೆರಾವನ್ನು ಹೊಟ್ಟೆಯ ಕಡೆ ಪೂರ್ತಿ 1 ನಿಮಿಷ ಹಿಡಿದರೆ ಉಸಿರು ಎಣಿಸಬಹುದು. ಹುಡುಗರು ಅಂದಾಜಿನಲ್ಲಿ 18 ಅಂದದ್ದು ಎಷ್ಟೋ ಸಲ 26 ಇರುತ್ತಿತ್ತು.

ಡಾಕ್ಟರು ಮನೆಯವರಿಗೆ ಕೇಳುವ ಮೊದಲ ಪ್ರಶ್ನೆಯೊಂದಿದೆ. ಅರ್ಧ ಕೆಲಸ ಅದರಲ್ಲೇ ಆಗುತ್ತದೆ. ಅದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ. ಮುಂದಿನ ತಿಂಗಳು ಬೆಳಗಿನ ಪಾಳಿಗೂ ಒಬ್ಬರನ್ನು ಕೂರಿಸುತ್ತಿದ್ದೇವೆ.