ವ್ಯಾನಿನ ಹಿಂದೆ ಆಲ್ಟೊ ಕಟ್ಟಲು ಹೊರಟದ್ದು

ನಮ್ಮದು ಕಾಸರಗೋಡಿನ ಮುಳ್ಳೇರಿಯ ಕಡೆ ಅಡಿಕೆ ತೋಟ. ಹಳೆಯ ಟೆಂಪೊ ಟ್ರಾವೆಲರಿಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕಿ ಕೂರಿಸಿ, ಕಾಗದಪತ್ರವನ್ನೂ ಸರಿಮಾಡಿಸಿ ಕ್ಯಾರವಾನ್ ಮಾಡಿಕೊಂಡಿದ್ದೇನೆ. ಕೊಡಗಿಗೆ ಹೋದರೆ ಒಂದೇ ಕಷ್ಟ. ಅರ್ಧ ಲೀಟರ್ ಹಾಲು ತರಲಿಕ್ಕೂ ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕು! ಹಾಗಾಗಿ ಹಿಂದೆ ಆಲ್ಟೊ ಕಟ್ಟಿಕೊಂಡು ಹೋದರೆ ಹೇಗೆ ಎಂದು ಹೊಳೆಯಿತು.

ಮಗಳ ಕಾರು ಸಿವಿಟಿ, ಅಂದರೆ ಒಂದು ಬಗೆಯ ಆಟೋಮ್ಯಾಟಿಕ್ ಗೇರಿನದ್ದು, ಅದನ್ನು ಮೊದಲೇ ಬಿಟ್ಟೆ. ಇಂಜಿನ್ ಓಡದಿದ್ದರೆ ಆ ಗೇರ್‌ಬಾಕ್ಸಿನೊಳಗೆ ಆಯಿಲ್ ಪಂಪು ತಿರುಗುವುದಿಲ್ಲ. ಚಕ್ರ ಮಾತ್ರ ತಿರುಗಿದರೆ ಒಳಗೆ ಸವೆದು ಹಾಳಾಗುತ್ತದೆ. ಆಲ್ಟೊ ಮ್ಯಾನುಯಲ್, ನ್ಯೂಟ್ರಲ್‌ನಲ್ಲಿ ಇಟ್ಟು ಎಳೆಯಬಹುದು. ತೂಕವೂ ಮುಕ್ಕಾಲು ಟನ್ನಿನ ಆಸುಪಾಸು.

ಮೊದಲು ತೋಟದ ಮಣ್ಣು ರಸ್ತೆಯಲ್ಲೇ ಹಗ್ಗ ಕಟ್ಟಿ ನೋಡಿದೆವು. ಕಾರಿನಲ್ಲಿ ಭಾವ. ಏರಿನಲ್ಲಿ ಏನೂ ತೊಂದರೆ ಇಲ್ಲ. ಇಳಿಜಾರು ಬಂದದ್ದೇ ಹಗ್ಗ ಸಡಿಲವಾಯಿತು, ಕಾರು ವ್ಯಾನಿನ ಬೆನ್ನಿಗೇ ಬಂತು. ಇಂಜಿನ್ ಆಫ್ ಇದ್ದರೆ ಬ್ರೇಕಿಗೆ ಬೂಸ್ಟರಿನ ಬಲ ಇರುವುದಿಲ್ಲ, ಪೆಡಲ್ ಕಲ್ಲಿನ ಹಾಗೆ. ಭಾವ ಎರಡೂ ಕಾಲು ಇಟ್ಟು ಒತ್ತಿದರು. ಹಗ್ಗ ಮತ್ತೆ ಬಿಗಿದಾಗ ಬಿದ್ದ ಜಗ್ಗಿಗೆ ಒಲೆಯ ಮೇಲಿದ್ದ ಚಾ ಪಾತ್ರೆ ನೆಲಕ್ಕೆ.

ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಎ ಆಕಾರದ ಕಬ್ಬಿಣದ ಬಾರ್ ಮಾಡಿಸಿದೆ. ಕಾರಿನ ಬಂಪರಿಗಲ್ಲ, ಅಡಿಯ ಗಟ್ಟಿ ಫ್ರೇಮಿಗೆ ಎರಡು ಕಡೆ ಬೋಲ್ಟ್. ಕೀಲಿ ತಿರುಗಿಸಿ ಸ್ಟಿಯರಿಂಗ್ ಲಾಕ್ ಬಿಡಿಸಿಟ್ಟರೆ ಕಾರು ತಾನಾಗಿ ಹಿಂಬಾಲಿಸುತ್ತದೆ. ಜಗ್ಗುವುದು ನಿಂತಿತು. ಆದರೆ ರಿವರ್ಸ್ ಸಾಧ್ಯವೇ ಇಲ್ಲ, ಎದುರು ಚಕ್ರ ಎತ್ತಲೋ ತಿರುಗಿ ಬಾರ್ ಮುರಿಯುವ ಹಾಗಾಗುತ್ತದೆ. ಇಳಿಜಾರಿನಲ್ಲಿ ಎರಡು ಗಾಡಿಯ ಭಾರವೂ ವ್ಯಾನಿನ ಬ್ರೇಕಿನ ಮೇಲೆ. ಕೊಡಗಿನ ದಾರಿಯ ಸಂಪಾಜೆ ಘಾಟಿಯನ್ನು ನೆನೆಸಿಕೊಂಡೇ ಬೆವರಿದೆ. ಎಳೆಯುವುದು ಸುಲಭ, ನಿಲ್ಲಿಸುವುದೇ ಕಷ್ಟ ಅಲ್ವಾ?

ಎದುರಿನ ಎರಡು ಚಕ್ರ ಎತ್ತುವ ಡಾಲಿ ಈ ಕಡೆ ಕಣ್ಣಿಗೇ ಬೀಳಲಿಲ್ಲ. ನಾಲ್ಕೂ ಚಕ್ರ ಹೊರುವ ಟ್ರೈಲರ್ ಎಂದರೆ ಅದಕ್ಕೇ ಬೇರೆ ರಿಜಿಸ್ಟ್ರೇಶನ್, ಬೇರೆ ಬ್ರೇಕು, ಅದರದ್ದೇ ತೂಕ. ನನ್ನ ಹಳೆಯ ವ್ಯಾನಿಗೆ ಅದು ಜಾಸ್ತಿಯಾಯಿತು.

ಕೊನೆಗೆ ರಸ್ತೆ ನಿಯಮ ಓದಿದೆ. ಮೊದಲೇ ಓದಬೇಕಿತ್ತು! ಸುಮ್ನೆ ಅನುಕೂಲಕ್ಕೆಂದು ಓಡುವ ಕಾರನ್ನು ಎಳೆಯುವ ಹಾಗಿಲ್ಲ. ಕೆಟ್ಟು ನಿಂತದ್ದನ್ನು ಹತ್ತಿರದ ಗ್ಯಾರೇಜಿಗೆ ಎಳೆಯಬಹುದು, ಅದೂ ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು.

"ನೀವು ಮುಂದೆ ಹೋಗಿ, ನಾನು ಹಿಂದಿನಿಂದ ಬರ್ತೇನೆ" ಎಂದರು ಭಾವ. ಈಗ ಹಾಗೆಯೇ ಹೋಗುತ್ತೇವೆ. ಪೆಟ್ರೋಲ್ ಖರ್ಚು ನನ್ನದು.

ಬಾರ್ ಮಾಡಿಸಿದ್ದು ಪೂರ್ತಿ ದಂಡವಾಗಲಿಲ್ಲ. ಕಳೆದ ಮಳೆಗಾಲದಲ್ಲಿ ಸುಳ್ಯದಿಂದ ಬರುವಾಗ ಆದೂರಿನ ಹತ್ತಿರ ಆಲ್ಟೊದ ಕ್ಲಚ್ ಹೋಯಿತು. ಬಾರ್ ವ್ಯಾನಿನಲ್ಲೇ ಇತ್ತು. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ 'ಆನ್ ಟೋ' (ಎಳೆದುಕೊಂಡು ಹೋಗುತ್ತಿರುವ ಗಾಡಿ) ಎಂದು ಬರೆದು ಕಾರಿನ ಹಿಂದೆ ಕಟ್ಟಿದೆವು. 20ರ ವೇಗದಲ್ಲಿ ಮುಳ್ಳೇರಿಯದ ಗ್ಯಾರೇಜಿಗೆ ತಂದೆವು. ದಾರಿಯುದ್ದಕ್ಕೂ ಆಟೋದವರು "ಎಂತು ಪಟ್ಟಿ?" (ಏನಾಯಿತು?) ಎಂದು ಮಲಯಾಳದಲ್ಲಿ ಕೇಳುತ್ತಿದ್ದರು. ಭಾವ ಕಿಟಕಿಯಿಂದ ಕೈ ಹೊರಹಾಕಿ ಬೋರ್ಡು ತೋರಿಸುತ್ತಿದ್ದರು.