ಬೆನ್ನಿನ ಬಂಗಾರಕ್ಕೆ ಮರುಳಾಗಿ

ಕೊಪ್ಪಳದ ಬಿಸಿಲಿನಲ್ಲಿ ಚರ್ಮದ ರಟ್ಟಿನ ಪುಸ್ತಕ ಕೂಡಿಡುವುದೆಂದರೆ ಗೊಡ್ಡೆಮ್ಮೆಗೆ ಹುಲ್ಲು ಹಾಕಿದಂತೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಹದಿನೈದು ವರ್ಷಗಳಿಂದ ಹಾಕುತ್ತಲೇ ಇದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಿಂದ, ಆರ್ಥರ್ ರಾಕಮ್ ಚಿತ್ರ ಬರೆದ 1908ರ ಆವೃತ್ತಿ. ಬೆನ್ನಿನ ಚಿನ್ನದಚ್ಚಿಗೆ ಮರುಳಾಗಿ ಹಣ ಎಣಿಸಿಬಿಟ್ಟೆ. ಆ ರಾತ್ರಿ ಬಣ್ಣದ ಚಿತ್ರಗಳನ್ನು ಎಣಿಸಿದರೆ 37. ಇರಬೇಕಾದದ್ದು 40. ಆಗ ಬಣ್ಣದ ಚಿತ್ರಗಳನ್ನು ಬೇರೆ ನುಣುಪು ಕಾಗದದಲ್ಲಿ ಅಚ್ಚು ಹಾಕಿ ಪುಸ್ತಕದೊಳಗೆ ಅಂಟಿಸುತ್ತಿದ್ದರು. ಎಬ್ಬಿಸುವುದು ಸುಲಭ, ಚೌಕಟ್ಟು ಹಾಕಿ ಬಿಡಿಯಾಗಿ ಮಾರಿದರೆ ಒಳ್ಳೆಯ ಕಾಸು. ಈಗ ಹಟ್ಟಿ ಗಣಿಯ ಬಂಗಾರವನ್ನೇ ಬಳಿದಿದ್ದರೂ ಬೆನ್ನು ನೋಡುವುದು ಕೊನೆಗೆ. ಮೊದಲು ಚಿತ್ರಗಳ ಪಟ್ಟಿ ತೆರೆದು ಒಂದೊಂದನ್ನೇ ತಾಳೆ ನೋಡುತ್ತೇನೆ, ಅಂಗಡಿಯವರು ಆಕಳಿಸಿದರೂ. ಆಮೇಲೆ ರಟ್ಟು ಬೆನ್ನಿಗೆ ಸೇರುವ ಸಂದಿನ ಮೇಲೆ ಬೆರಳಾಡಿಸುತ್ತೇನೆ.

ಎರಡನೆಯ ಪಾಠ ಗುಸ್ತಾವ್ ಡೋರೆ ಚಿತ್ರಗಳ ‘ಡಾನ್ ಕ್ವಿಕ್ಸೋಟ್’ ಕಲಿಸಿತು. ಈ ಚಿತ್ರಗಳು ಪ್ಯಾರಿಸ್‌ನಲ್ಲಿ ಮೊದಲು ಬೆಳಕು ಕಂಡದ್ದು 1863ರಲ್ಲಿ. ಮರದ ಮೇಲೆ ಅವನ್ನು ಕೆತ್ತಿದವನು ಪಿಸಾನ್. ನನ್ನದು ಅದಕ್ಕಿಂತ ಈಚಿನ ಇಂಗ್ಲಿಷ್ ಪ್ರತಿ, ಬೆನ್ನಿಗೆ ಮೂಲೆಗಳಿಗೆ ಮಾತ್ರ ಚರ್ಮ. ತೊಡೆಯ ಮೇಲಿಟ್ಟು ಅರ್ಧ ಗಂಟೆ ಓದಿ ಎದ್ದರೆ ಬಿಳಿ ಪಂಚೆಯ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಪುಡಿ! ತೊಗಟೆಯ ರಸದಲ್ಲಿ ಹದ ಮಾಡಿದ ಹಳೆಯ ಚರ್ಮ ಕಲ್ಲಿದ್ದಲ ಹೊಗೆಯ ಗಂಧಕವನ್ನು ಹೀರಿಕೊಂಡು ಹೀಗೆ ಸಾಯುತ್ತದೆ. ಅದು ತಿಳಿಯದೆ ಕೊಬ್ಬರಿ ಎಣ್ಣೆ ಸವರಿದೆ. ಚರ್ಮ ಕಪ್ಪಾಯಿತು, ಎಣ್ಣೆ ಒಳಹಾಳೆಗೂ ಇಳಿಯಿತು. ಪುಡಿ ಉದುರುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಕೈ ಹಿಡಿದದ್ದು ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಲೂಸೆಲ್-ಜಿ ಎಂಬ ಸೆಲ್ಯುಲೋಸ್ ಅಂಟು. ಮೆತ್ತನೆಯ ಕುಂಚದಲ್ಲಿ ತೆಳ್ಳಗೆ ಹಚ್ಚಿದರೆ ಪುಡಿ ಕಚ್ಚಿಕೊಂಡು ನಿಲ್ಲುತ್ತದೆ. ಹೋದ ಜೀವ ಮರಳುವುದಿಲ್ಲ, ಅಷ್ಟೆ.

ಈಗ ಚರ್ಮದ ಮೋಹ ಇಳಿದಿದೆ. ಹೊಲಿಗೆ ಗಟ್ಟಿಯಿರುವ ಬಟ್ಟೆ ರಟ್ಟಿನ ಪ್ರತಿ ಸಿಕ್ಕರೆ ಅದನ್ನೇ ಆರಿಸುತ್ತೇನೆ. ನಮ್ಮ ಬೇಸಿಗೆಯನ್ನು ಅದು ತಾಳುತ್ತದೆ.

ರಾಕಮ್ ಪುಸ್ತಕದಲ್ಲಿ ಚಿತ್ರ ಕಾಣೆಯಾದ ಆ ಮೂರು ಜಾಗಗಳಲ್ಲಿ ಒಣಗಿದ ಅಂಟಿನ ಕಲೆಯೂ ಚಿತ್ರವನ್ನು ಕಾಯುತ್ತಿದ್ದ ತೆಳುಹಾಳೆಯೂ ಉಳಿದಿವೆ. ಕಳೆದ ವರ್ಷ ಅವುಗಳಲ್ಲೊಂದು ಚಿತ್ರ ಚೌಕಟ್ಟಿನಲ್ಲಿ ಮಾರಾಟಕ್ಕೆ ಬಂದಿತ್ತು. ಬೇರೆ ಯಾವುದೋ ಪ್ರತಿಯಿಂದ ಕಿತ್ತದ್ದೇ ಇರಬೇಕು. ನಾನು ಕೊಳ್ಳಲಿಲ್ಲ; ಕಿತ್ತವನಿಗೆ ಕೂಲಿ ಕೊಡುವ ಮನಸ್ಸಾಗಲಿಲ್ಲ.