450 ರೂಪಾಯಿಯ ಬೋರ್ಡಿನಲ್ಲಿ ಎಂಟನೆಯ ಫರ್ಮಾ ಸಂಖ್ಯೆ

ಎಂಟನೆಯ ಫರ್ಮಾ ಸಂಖ್ಯೆಯನ್ನು (2^(2ⁿ) + 1 ರೂಪದ್ದು, ಇಲ್ಲಿ n = 8), ಅಂದರೆ 2²⁵⁶ + 1 ಎಂಬ 78 ಅಂಕಿಗಳ ಸಂಖ್ಯೆಯನ್ನು, ಆರ್ಡುಯಿನೋ ಊನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಅಪವರ್ತನಗಳಾಗಿ ಒಡೆಯುತ್ತೇನೆಂದಾಗ, 2 ಕಿಲೋಬೈಟ್ ರ‍್ಯಾಮ್ ಇರುವ ಎಂಟು ಬಿಟ್ಟಿನ ಚಿಪ್ಪಿಗೆ ಇದು ಆಗದ ಹೋಗದ ಕೆಲಸವೆಂದು ಬಳಗದವರೆಲ್ಲ ಹೇಳಿದರು. 1980ರಲ್ಲಿ ಗಣಿತಜ್ಞರಾದ ಬ್ರೆಂಟ್ ಮತ್ತು ಪೊಲಾರ್ಡ್ ಇದನ್ನು ರೋ ವಿಧಾನದಿಂದ (ಒಂದು ಸೂತ್ರಕ್ಕೆ ಅದರ ಉತ್ತರವನ್ನೇ ಮತ್ತೆ ಮತ್ತೆ ಹಾಕಿ, ಬರುವ ಸಂಖ್ಯೆಗಳ ವ್ಯತ್ಯಾಸದಲ್ಲಿ ಅಪವರ್ತನ ಹುಡುಕುವ ವಿಧಾನ) ಯುನಿವ್ಯಾಕ್ ಕಂಪ್ಯೂಟರಿನಲ್ಲಿ ಸುಮಾರು ಎರಡು ಗಂಟೆಯಲ್ಲಿ ಸಾಧಿಸಿದ್ದರು. ನನ್ನ ಬೋರ್ಡು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 450 ರೂಪಾಯಿಯ ಆಸುಪಾಸಿಗೆ ಕೊಂಡದ್ದು, ಸುಮಾರು ಆರು ಗಂಟೆ ತೆಗೆದುಕೊಂಡಿತು.

ಮೊದಲು ಎಲ್ಲರಂತೆ ರೋ ವಿಧಾನದ ಸೂತ್ರವಾಗಿ x² + 1 ಹಾಕಿ ನೋಡಿದೆ. ಹಂತಗಳು ಅಪವರ್ತನದ ವರ್ಗಮೂಲದಷ್ಟು ಬೇಕು; ಸಿಗಬೇಕಾದ ಅಪವರ್ತನ 16 ಅಂಕಿಗಳದ್ದಾದ್ದರಿಂದ ಅವು ಮೂರೂವರೆ ಕೋಟಿಯ ದರ್ಜೆಯಲ್ಲಿರುತ್ತವೆ. ಬರೀ ಸಿ ಭಾಷೆಯಲ್ಲಿ ಬರೆದ ಗುಣಾಕಾರಕ್ಕೆ ಅದು ಎರಡು ಮೂರು ದಿನಗಳ ಕೆಲಸ, ಅಷ್ಟರೊಳಗೆ ಕರೆಂಟ್ ಹೋಗಿಯೇ ಹೋಗುತ್ತಿತ್ತು. ಅದಕ್ಕೆಂದು 900 ರೂಪಾಯಿ ಕೊಟ್ಟು ತಂದ ಪವರ್ ಬ್ಯಾಂಕು ದಂಡವಾಯಿತು: ಬೋರ್ಡು ಎಳೆಯುವ ಕರೆಂಟು ಅತ್ಯಲ್ಪವಾದ್ದರಿಂದ ಅದು ಏನೂ ಜೋಡಿಸಿಲ್ಲವೆಂದು ಭಾವಿಸಿ ತಾನಾಗಿಯೇ ಆರಿಹೋಗುತ್ತಿತ್ತು. ಕೊನೆಗೆ ಕೆಲವು ನಿಮಿಷಗಳಿಗೊಮ್ಮೆ ಮೂರು ಸಂಖ್ಯೆಗಳನ್ನು, ಅಂದರೆ 96 ಬೈಟುಗಳನ್ನು, ಚಿಪ್ಪಿನಲ್ಲಿರುವ, ಕರೆಂಟ್ ಹೋದರೂ ಅಳಿಯದ ಸ್ಮೃತಿಯಾದ ಇಇಪ್ರಾಮ್‌ನಲ್ಲಿ ಬರೆದಿಡುವ ಏರ್ಪಾಡು ಮಾಡಿದೆ. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ನಿಜವಾದ ಗೆಲುವು ಬಂದದ್ದು ಎರಡು ಕಡೆಯಿಂದ. ಈ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 1024k + 1 ರೂಪದ್ದಾದ್ದರಿಂದ, ಬ್ರೆಂಟ್ ಮತ್ತು ಪೊಲಾರ್ಡ್ ಮಾಡಿದಂತೆಯೇ x¹⁰²⁴ + 1 ಹಾಕಿದೆ. ಹಂತಗಳು ಹನ್ನೊಂದು ಲಕ್ಷದ ದರ್ಜೆಗೆ ಇಳಿದವು. ಪ್ರತಿ ಹಂತಕ್ಕೆ ಹತ್ತು ವರ್ಗಗಳು ಬೇಕಾದರೂ ಒಟ್ಟು ಗುಣಾಕಾರ ಆರರಲ್ಲೊಂದು ಪಾಲಾಯಿತು. ಎರಡನೆಯದಾಗಿ, ಇಲ್ಲಿ ಶೇಷ ತೆಗೆಯಲು ಭಾಗಾಕಾರವೇ ಬೇಡ, ಶೇಷದ ಲೆಕ್ಕದಲ್ಲಿ 2²⁵⁶ ಎಂಬುದು −1ಕ್ಕೆ ಸಮವಾದ್ದರಿಂದ ಗುಣಲಬ್ಧದ ಕೆಳಗಿನ 32 ಬೈಟುಗಳಿಂದ ಮೇಲಿನ 32ನ್ನು ಕಳೆದರೆ ಸಾಕು. ವರ್ಗ ಮಾಡುವ ಭಾಗವನ್ನು ಚಿಪ್ಪಿನ ನೇರ ಆದೇಶಗಳ ಭಾಷೆಯಾದ ಅಸೆಂಬ್ಲಿಯಲ್ಲಿ ಬರೆದೆ. ರಿಜಿಸ್ಟರುಗಳನ್ನು ಯಾವ ಕ್ರಮದಲ್ಲಿ ಹೊಂದಿಸಿದೆನೆಂಬುದನ್ನೂ ನಾನು ಆರಿಸಿದ ಆರಂಭದ ಬೆಲೆಯನ್ನೂ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ರಾತ್ರಿ ಹಚ್ಚಿಟ್ಟದ್ದು ಬೆಳಗಾಗುವಷ್ಟರಲ್ಲಿ 1238926361552897 ಎಂದು ತೋರಿಸಿತು.

ನಡುವೆ p − 1 ವಿಧಾನವನ್ನೂ (ಅಪವರ್ತನ p ಆಗಿದ್ದು, p − 1 ಚಿಕ್ಕ ಅವಿಭಾಜ್ಯಗಳ ಗುಣಲಬ್ಧವಾದಾಗ ಬೇಗ ಫಲ ಕೊಡುವ ವಿಧಾನ) ಪರೀಕ್ಷಿಸಿದ್ದೆ, ಏನೂ ದಕ್ಕಲಿಲ್ಲ. ಅಪವರ್ತನ ಕೈಗೆ ಬಂದಮೇಲೆ ಕಾರಣ ತಿಳಿಯಿತು: ಅದರಲ್ಲಿ ಒಂದು ಕಳೆದರೆ 2048 × 157 × 3853149761 ಉಳಿಯುತ್ತದೆ, ಆ 385 ಕೋಟಿಯ ಅವಿಭಾಜ್ಯದವರೆಗೆ ಹೋಗುವ ತಾಳ್ಮೆ ಈ ಚಿಪ್ಪಿಗಿಲ್ಲ.

ಈಗ ಅದೇ ಬೋರ್ಡಿನಲ್ಲಿ ಏಳನೆಯ ಫರ್ಮಾ ಸಂಖ್ಯೆ, 2¹²⁸ + 1, ಓಡುತ್ತಿದೆ. ಅದರಲ್ಲಿ 39 ಅಂಕಿಗಳಷ್ಟೇ ಇದ್ದರೂ ಚಿಕ್ಕ ಅಪವರ್ತನ 17 ಅಂಕಿಗಳದ್ದಾದ್ದರಿಂದ ಹಂತಗಳು ಸುಮಾರು ಹತ್ತು ಪಟ್ಟು ಬೇಕು. ಪ್ರತಿ ಗುಣಾಕಾರ ಕಾಲುಭಾಗವಾಗುವುದನ್ನು ಕಳೆದರೂ, ದೊಡ್ಡದಕ್ಕೆ ಹಿಡಿದ ಸಮಯದ ಎರಡು ಪಟ್ಟಿಗಿಂತ ಹೆಚ್ಚೇ ಹಿಡಿಯಬಹುದೆಂದು ನನ್ನ ಅಂದಾಜು.